ಅಮ್ಮನ ಹೆಗಲಿನ ಎತ್ತರ

ನನ್ನಮ್ಮ ಎದುವಿಹೆಸ್ ಕುಗ್ಗುತ್ತಿದ್ದಾಳೆ. ಇದು ಊರಿಗೆಲ್ಲ ಗೊತ್ತು, ಅವಳೊಬ್ಬಳನ್ನು ಬಿಟ್ಟು. ಅಡುಗೆಮನೆಯ ಗೂಡಿಗೆ ಕೈ ಎಟುಕದಿದ್ದರೆ ಗೂಡನ್ನು ಯಾರೋ ಮೇಲಕ್ಕೆ ಹತ್ತಿಸಿದ್ದಾರೆ. ಲಂಗ ನೆಲ ಗುಡಿಸಿದರೆ ಒಗೆದು ಒಗೆದು ಬಟ್ಟೆ ಉದ್ದವಾಗಿದೆ. ಸಂತ ಗಾಸ್ಪಾರರ ಇಗರ್ಜಿಯಲ್ಲಿ ಹೆಗಲು ಅಳೆಯುವ ಕೋಲು ಅವಳಿಗೆ ಕಡಿಮೆ ತೋರಿಸಿದರೆ ಕೋಲು ಮಳೆಗಾಲದಲ್ಲಿ ನೆನೆದು ಉಬ್ಬಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನಮ್ಮನಾದರೆ ನೆಲ ಹಾಸಿದ ಮೇಸ್ತ್ರಿಯ ವಂಶವನ್ನೂ ಸೇರಿಸಿ ಬೈಯುತ್ತಾಳೆ.

ಆ ಕೋಲು ಹಿಡಿದು ನಿಲ್ಲುವವಳು ನಾನು. ಅದು ನನ್ನ ಹಣೆಬರಹ.

ನಮ್ಮ ಆಂತಿಗುವಾ ಊರಿನಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಪಲ್ಲಕ್ಕಿ ಹೊರುವವರು ಇಗರ್ಜಿಯ ಅಂಗಳದಲ್ಲಿ ಸಾಲುಗಟ್ಟುತ್ತಾರೆ. ಕ್ರಿಸ್ತನ ಪಲ್ಲಕ್ಕಿ ಗಂಡಸರದು, ಹಿಂದೆ ಬರುವ ಅವನ ತಾಯಿ ವ್ಯಾಕುಲ ಮಾತೆಯ ಪಲ್ಲಕ್ಕಿ ಹೆಂಗಸರದು. ಬೀದಿಗೊಂದು ಸರದಿ. ಯಾವ ಸರದಿಯಲ್ಲಿ ಯಾರು ಎಂಬುದನ್ನು ಸ್ನೇಹ, ನೆಂಟಸ್ತಿಕೆ ನೋಡಿ ಹೇಳುವುದಿಲ್ಲ, ಹೆಗಲು ನೋಡಿ ಹೇಳುತ್ತೇವೆ. ಒಂದೇ ಎತ್ತರದ ಹೆಗಲುಗಳಿಗೆ ಒಂದು ಸರದಿ. ಇದರಲ್ಲಿ ಎಡವಟ್ಟಾಯಿತೋ, ಎತ್ತರದವಳ ಹೆಗಲ ಮೇಲೆ ಪಲ್ಲಕ್ಕಿ ತೊಲೆಯ ಅಷ್ಟೂ ಭಾರ ಕೂರುತ್ತದೆ. ಕುಳ್ಳಿಯಾದವಳು ತೊಲೆಗೆ ಬೆರಳು ತಾಗಿಸಿಕೊಂಡು ಮಾತೆಯ ನೆರಳಿನಲ್ಲಿ ವಾಯುವಿಹಾರ ಮಾಡುತ್ತಾಳೆ. ಎರಡು ಕಡೆಯವರೂ ಆಮೇಲೆ ನನ್ನ ಹತ್ತಿರವೇ ಜಗಳಕ್ಕೆ ಬರುತ್ತಾರೆ.

ಅಮ್ಮ ಇಷ್ಟು ಹಠ ಹಿಡಿಯುವುದಕ್ಕೂ ಕಾರಣ ನಾನೇ. ನನಗೆ ಏಳು ವರ್ಷವಿದ್ದಾಗ ಆ ದೊಡ್ಡ ಭೂಕಂಪವಾಯಿತು. ಹಸಿ ಇಟ್ಟಿಗೆಯ ಗೋಡೆ ನನ್ನ ಮೇಲೆ ಕುಸಿಯಿತು. ಅಮ್ಮ ಬರಿಗೈಯಲ್ಲಿ ಮಣ್ಣು ಬಗೆಯುತ್ತ, "ತಾಯೀ, ಮಗೂನ ಜೀವಂತ ಕೊಡು, ನನ್ನ ಕಾಲು ನಡೆಯೋವರೆಗೂ ವರ್ಷಾ ವರ್ಷಾ ನಿನ್ನ ಈ ಹೆಗಲ ಮೇಲೆ ಹೊರ್ತೀನಿ" ಎಂದು ವ್ಯಾಕುಲ ಮಾತೆಗೆ ಹರಕೆ ಹೊತ್ತಳು. ನಾನು ಸಿಕ್ಕಿದೆ. ಬಾಯಿ ತುಂಬ ಮಣ್ಣು, ಒಂದು ಚಪ್ಪಲಿ ಕಾಣುತ್ತಿಲ್ಲವೆಂದು ರಂಪ. "ಬದುಕಿದ ಸಂತೋಷಕ್ಕಿಂತ ಚಪ್ಪಲಿ ದುಃಖಾನೇ ಜಾಸ್ತಿ ಇತ್ತು ನಿನಗೆ" ಎಂದು ಅಮ್ಮ ಇವತ್ತಿಗೂ ಹಂಗಿಸುತ್ತಾಳೆ.

ಗೋಡೆಯ ಕೆಳಗಿನಿಂದ ಎತ್ತಿದ ಮಗಳಾಗಿ ಬಾಳುವುದು ಸುಲಭವೆಂದು ಯಾರೂ ತಿಳಿಯಬೇಡಿ. ಸಾರು ಬಿಟ್ಟರೆ, "ಗೋಡೆ ಕೆಳಗಿಂದ ತೆಗೆದದ್ದು ನೀನು ಸಾರು ಚೆಲ್ಲೋಕಾ?" ಮಳೆಯಲ್ಲಿ ನೆನೆದರೆ, "ಗೋಡೆ ಕೆಳಗಿಂದ ತೆಗೆದದ್ದು ನೆಗಡೀಲಿ ಸಾಯೋಕಾ?" ಒಬ್ಬ ಲಾರಿ ಓಡಿಸುವವನು ನನ್ನನ್ನು ಕೇಳಿಕೊಂಡು ಬಂದಿದ್ದ. ಒಳ್ಳೆಯ ಮನುಷ್ಯ, ನಗುಮುಖ. ಅಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, "ಇವಳನ್ನ ಗೋಡೆ ಕೆಳಗಿಂದ ತೆಗೆದದ್ದು ಲಾರಿ ಕೆಳಗೆ ಹಾಕೋಕಲ್ಲ ಕಣಪ್ಪಾ" ಎಂದು ಕಳಿಸಿದಳು. ಅವನು ಇವತ್ತಿಗೂ ಕ್ಷೇಮವಾಗಿ ಲಾರಿ ಓಡಿಸುತ್ತಿದ್ದಾನೆ, ಮೊಮ್ಮಕ್ಕಳನ್ನು ಕೂರಿಸಿಕೊಂಡು ನಮ್ಮ ಮನೆಯ ಮುಂದೆಯೇ ಹೋಗುತ್ತಾನೆ. ನಾನು ಕೈ ಬೀಸುತ್ತೇನೆ. ಬೇರೇನು ಮಾಡಲಿ?

ಇಷ್ಟಾದರೂ ಅವಳು ಕೂತು ತಿಂದವಳಲ್ಲ. ಅಪ್ಪ ಬೇಗ ಹೋದ. ಮೂಲೆಯ ಒಂದು ಬಾಗಿಲ ಕೋಣೆಯಲ್ಲಿ ಒಲೆಯಿಟ್ಟು, ದಿನಕ್ಕೆ ಮೂರು ಹೊತ್ತು ಮೆಕ್ಕೆಜೋಳದ ರೊಟ್ಟಿ ತಟ್ಟಿ ಮಾರಿ ನನ್ನನ್ನು ಸಾಕಿದಳು. ಈಗಲೂ ತಟ್ಟುತ್ತಾಳೆ. ನಮ್ಮ ಬೀದಿಯವರಿಗೆ ಗಡಿಯಾರ ಬೇಡ, ಅಮ್ಮನ ಅಂಗೈಯ ಪಟಪಟ ಸದ್ದು ಕೇಳಿದರೆ ಊಟದ ಹೊತ್ತು. ಬಂದವರಿಗೆ ರೊಟ್ಟಿಯ ಜೊತೆ ಬೈಗುಳ ಬಿಟ್ಟಿ. "ನಿನ್ನೆ ಯಾಕೆ ಬರ್ಲಿಲ್ಲ? ಅಂಗಡೀಲಿ ಸಿಗೋ ಆ ಕಾಗದದಂಥ ರೊಟ್ಟಿ ತಿಂದ್ಯಾ? ತಿನ್ನು, ಹೊಟ್ಟೆ ಕೆಟ್ಟಾಗ ನನ್ನ ಹತ್ರ ಬರಬೇಡ." ಜನ ಬೈಸಿಕೊಂಡು ನಗುತ್ತ ಹೋಗುತ್ತಾರೆ. ಅವರಿಗೇನು, ಹೊತ್ತಿಗೊಂದು ಸಲ. ನಾನು ದಿನವಿಡೀ ಅವಳ ಪಕ್ಕದಲ್ಲಿ ಹಿಟ್ಟು ನಾದುತ್ತಿರುತ್ತೇನೆ.

ಶುಭ ಶುಕ್ರವಾರ ಮಾತ್ರ ಒಲೆ ಹೊತ್ತುವುದಿಲ್ಲ. ಅಂದು ಅಮ್ಮ ಕಪ್ಪು ಲಂಗ ಉಟ್ಟು, ತಲೆಗೆ ಕಪ್ಪು ಜಾಲರಿ ಬಟ್ಟೆ ಹೊದ್ದು ಇಗರ್ಜಿಗೆ ಹೊರಡುತ್ತಾಳೆ. ಒಂದೇ ಒಂದು ವರ್ಷ ತಪ್ಪಿಸಿಲ್ಲ. ಜ್ವರದಲ್ಲಿ ಹೊತ್ತಿದ್ದಾಳೆ, ಬೆಂಕಿ ಕಾರುವ ಬೆಟ್ಟದ ಬೂದಿ ಊರ ಮೇಲೆ ಸುರಿಯುತ್ತಿದ್ದಾಗ ಹೊತ್ತಿದ್ದಾಳೆ.

ಹೋದ ವರ್ಷ ಎಲ್ಲವೂ ಹಾಳಾಯಿತು. ಅಳೆಯುವ ದಿನ ಅಮ್ಮ ಲಂಗದ ಅಡಿಯಲ್ಲಿ ಎತ್ತರದ ಹಿಮ್ಮಡಿಯ ಬೂಟು ಮುಚ್ಚಿಟ್ಟುಕೊಂಡು ಬಂದಳು. ನನಗೆ ತಿಳಿಯದೆ ಇರಲಿಲ್ಲ. ಅವಳು ನಡೆದರೆ ಕುದುರೆ ಬಂದ ಸದ್ದಾಗುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಕುಳ್ಳಿಯರ ಸರದಿಗೆ ಸೇರಿಸಿದೆ. ಶುಭ ಶುಕ್ರವಾರ ಇಗರ್ಜಿಗೆ ಬರುವಾಗ ಕಲ್ಲು ಹಾಸಿದ ಬೀದಿಯಲ್ಲಿ ಒಂದು ಹಿಮ್ಮಡಿ ಮುರಿಯಿತು. ಅವಳು ಇನ್ನೊಂದನ್ನೂ ತಾನೇ ಮುರಿದು ಎಸೆದು, ಚಪ್ಪಟೆ ಬೂಟಿನಲ್ಲೇ ತೊಲೆಯ ಕೆಳಗೆ ನಿಂತಳು. ಪಲ್ಲಕ್ಕಿ ಎದ್ದಿತು. ತೊಲೆ ಅಮ್ಮನ ಹೆಗಲಿಗೆ ತಾಗಲೇ ಇಲ್ಲ. ಬೀದಿಯುದ್ದಕ್ಕೂ ಕೈ ಮೇಲೆತ್ತಿ ಬಸ್ಸಿನಲ್ಲಿ ನಿಂತವರ ಹಾಗೆ ನಡೆದು ಬಂದಳು.

"ಆಯ್ತಲ್ಲ, ಹರಕೆ ಸಂದಿತು" ಎಂದೆ.

"ಏನು ಸಂದಿತು? ಭಾರ ಎಲ್ಲಿತ್ತು? ನಾನು ಹೊರ್ತೀನಿ ಅಂದಿದ್ದು. ಜೊತೇಲಿ ನಡೀತೀನಿ ಅಂದಿದ್ನಾ? ಮಾತೆಗೆ ಮೋಸ ಆಯ್ತು."

ಅದೇ ತಿಂಗಳು ನಾನು ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಪಾಚಿಯಿತ್ತು, ಜಾರಿದೆ. ಅಷ್ಟೇ. ಅಮ್ಮನ ಲೆಕ್ಕ ಬೇರೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮುಖ ಬಿಳಿಚಿಕೊಂಡು, "ಶುರುವಾಯ್ತು. ಕೊಟ್ಟವಳು ವಾಪಸ್ ಕಸ್ಕೊಳ್ತಿದ್ದಾಳೆ. ಮೊದಲು ಕೈ ತಗೊಂಡಳು" ಎಂದಳು.

"ಅಮ್ಮಾ, ಐವತ್ತು ದಾಟಿದ ಹೆಂಗಸು ನಾನು. ಬೀಳ್ತೀವಿ, ಮುರಿಯತ್ತೆ."

"ನಿನಗೇನು ಗೊತ್ತು? ಮಾತು ಕೊಟ್ಟವಳು ನಾನು."

ಅಲ್ಲಿಂದ ಒಂದು ವರ್ಷ ನನ್ನ ತಲೆ ಚಿಟ್ಟು ಹಿಡಿಯಿತು. ಕೆಮ್ಮಿದರೆ ಬಂದಳು, ಸೀನಿದರೆ ಬಂದಳು. ಮಧ್ಯಾಹ್ನ ಅರೆಗಳಿಗೆ ಕಣ್ಣು ಮುಚ್ಚಿದರೆ ಮೂಗಿನ ಕೆಳಗೆ ಹಿಟ್ಟಿನ ಬೆರಳು. ಉಸಿರಾಡುತ್ತಿದ್ದೇನೋ ಇಲ್ಲವೋ ಎಂಬ ಪರೀಕ್ಷೆ. "ಬದುಕಿದ್ದೀನಮ್ಮಾ!" ಎಂದು ಕಿರುಚಿದರೆ, "ಕಿರುಚಬೇಡ, ಎದೆಗೆ ಒಳ್ಳೇದಲ್ಲ" ಎನ್ನುವಳು. ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಆ ಗೋಡೆಯೇ ವಾಸಿಯಿತ್ತು ಎಂದು ಒಮ್ಮೆ ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ಯಾಕೆಂದರೆ ಅವಳ ಹೆದರಿಕೆ ನಾಟಕವಲ್ಲ. ಈ ಸಲವೂ ಭಾರ ಹೊರದಿದ್ದರೆ ನಾನು ಸಾಯುತ್ತೇನೆಂದು ನನ್ನಮ್ಮ ನಿಜವಾಗಿಯೂ ನಂಬಿದ್ದಳು.

ಈ ವರ್ಷ ಅಳೆಯುವ ದಿನ ಬಂತು. ನಾನೂ ಬುದ್ಧಿ ಕಲಿತಿದ್ದೆ. ಸಾಲಿನಲ್ಲಿ ಎಲ್ಲರ ಮುಂದೆ, "ಅಮ್ಮಾ, ಬೂಟು ಬಿಚ್ಚು" ಎಂದೆ.

"ತಾಯಿ ಬೂಟು ಬಿಚ್ಚಿಸ್ತಾಳಂತೆ! ನೋಡ್ರೇ, ಕಸ್ಟಮ್ಸಿನವಳು!"

"ಬಿಚ್ಚು. ಹೆಗಲ ಮೇಲಿರೋ ಆ ಮಡಿಸಿದ ಟವೆಲ್ಲನ್ನೂ ತೆಗಿ."

"ಅದು ಚಳಿಗೆ."

"ಬಿಸಿಲು ಸುಡ್ತಿದೆ."

ಸಾಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಅಮ್ಮ ಬರಿಗಾಲಲ್ಲಿ ಕೋಲಿಗೆ ಬೆನ್ನು ಕೊಟ್ಟು, ಕತ್ತು ನೀಳ ಮಾಡಿ, ಉಸಿರು ಬಿಗಿಹಿಡಿದು ನಿಂತಳು. ನಾನು ಅಡ್ಡಪಟ್ಟಿಯನ್ನು ಅವಳ ಹೆಗಲಿಗೆ ಇಳಿಸಿದೆ. ಇಳಿಸಿದೆ, ಇನ್ನೂ ಇಳಿಸಿದೆ. ಹೆಂಗಸರ ಕೊನೆಯ ಗೆರೆ ದಾಟಿ ಕೆಳಗೆ ಹೋಗಿ ಪಟ್ಟಿ ನಿಂತಿತು. ಆ ಕೋಲಿನ ಮೇಲೆ ಅವಳಿಗೆ ಜಾಗವೇ ಇರಲಿಲ್ಲ.

"ಕೋಲು ಉಬ್ಬಿದೆ" ಎಂದಳು. ಈ ಸಲ ಯಾರೂ ನಗಲಿಲ್ಲ.

ಪಲ್ಲಕ್ಕಿ ಸಂಘದ ಮುಖ್ಯಸ್ಥ ದೊನ್ ಅಬುಂದಿಯೊ ಪಕ್ಕದ ಮೇಜಿನಲ್ಲಿದ್ದರು. ಬೀಗ ರಿಪೇರಿಯ ಕಸುಬು, ಮುಖವೂ ಬೀಗ ಹಾಕಿದ ಹಾಗೆಯೇ. "ರೆಮೆ, ನಿಮ್ಮಮ್ಮಂಗೆ ಹೇಳು. ಮೇಣದ ಬತ್ತಿ ಹಿಡ್ಕೊಂಡು ಪಲ್ಲಕ್ಕಿ ಮುಂದೆ ನಡೀಲಿ. ಅದೂ ಗೌರವಾನೇ" ಎಂದರು.

"ಬತ್ತಿ ನೀನೇ ಹಿಡ್ಕೊ ಅಬುಂದಿಯೊ" ಎಂದಳು ಅಮ್ಮ. "ನಿನ್ನ ಹೆಂಡ್ತಿಗೆ ನಾಳೆಯಿಂದ ರೊಟ್ಟಿಗೆ ಬರೋದು ಬೇಡ ಅಂತ್ಲೂ ಹೇಳು."

ಬೂಟು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಹೋದಳು. ಮಧ್ಯಾಹ್ನ ಒಲೆ ಹಚ್ಚಲಿಲ್ಲ. ಊಟದ ಹೊತ್ತಿಗೆ ಪಟಪಟ ಸದ್ದು ಕೇಳದೆ ಜನ ಬಂದು ಇಣುಕಿ ಹೋದರು. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಹತ್ತಿರ ಹೋದರೆ ನನ್ನ ಮುರಿದು ಕೂಡಿದ ಮಣಿಕಟ್ಟನ್ನು ಹಿಡಿದು ಸುಮ್ಮನೆ ಸವರಿದಳು. ಬೈಯಲಿಲ್ಲ. ಅವಳು ಬೈಯದೇ ಇದ್ದದ್ದು ನನಗೆ ಸಹಿಸಲಾಗಲಿಲ್ಲ.

ಸಂಜೆ ದೊನ್ ಅಬುಂದಿಯೊ ಅಂಗಡಿಗೆ ಹೋದೆ. "ಬುಧವಾರ ಮಕ್ಕಳ ಮೆರವಣಿಗೆ ಇದೆಯಲ್ಲ. ಚಿಕ್ಕ ಪಲ್ಲಕ್ಕಿ, ಚಿಕ್ಕ ಮಾತೆ. ಅಮ್ಮನ್ನ ಅದಕ್ಕೆ ಹಾಕ್ತೀನಿ."

"ತಲೆ ಕೆಟ್ಟಿದೆಯಾ? ಅದು ಹನ್ನೆರಡು ವರ್ಷದೊಳಗಿನವರಿಗೆ."

"ಅಳೆಯೋದು ಹೆಗಲು ಅಲ್ವಾ ದೊನ್ ಅಬುಂದಿಯೊ? ವಯಸ್ಸು ಅಳೆಯೋ ಕೋಲು ಇದ್ರೆ ಕೊಡಿ, ಅದ್ರಲ್ಲೇ ಅಳೀತೀನಿ."

"ಊರು ನಗತ್ತೆ ರೆಮೆ."

"ಊರು ಮಧ್ಯಾಹ್ನ ಉಪವಾಸ ಇತ್ತು. ನೀವೂ ಇದ್ರಿ."

ಅವರು ಬಹಳ ಹೊತ್ತು ಒಂದು ಬೀಗವನ್ನು ಕೆದಕಿದರು. "ನಾನೇನೂ ಕೇಳಿಸಿಕೊಂಡಿಲ್ಲ" ಎಂದರು ಕೊನೆಗೆ. ಅವರ ಬಾಯಲ್ಲಿ ಅದು ಒಪ್ಪಿಗೆ.

ಇಷ್ಟು ಮಾಡಿಕೊಂಡು ಬಂದರೆ ಅಮ್ಮ ಕೆಂಡವಾದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಬೊಂಬೆ ಆಡಿಸೋಕೆ ಹೋಗ್ಲಾ ನಾನು? ನಾನು ಹರಕೆ ಹೊತ್ತದ್ದು ದೊಡ್ಡ ಮಾತೆಗೆ. ಆ ಪುಟ್ಟದು ಆಗಿನ್ನೂ ಇರಲೇ ಇಲ್ಲ, ಆಮೇಲೆ ಮಾಡಿಸಿದ್ದು." ಎಳೆದುಕೊಂಡು ಫಾದರ್ ಸಿಲ್ವೆರಿಯೊ ಹತ್ತಿರ ಹೋದೆ. ಅವರು ಪಾಪನಿವೇದನೆ ಕೇಳಿ ಕೇಳಿ ಸುಸ್ತಾಗಿ ಕೂತಿದ್ದರು.

"ಮಾತೆ ಒಬ್ಬಳೇ, ದೊನ್ಯಾ ಎದುವಿಹೆಸ್. ಯಾವ ಪಲ್ಲಕ್ಕಿಯಾದರೂ ಅವಳೇ."

"ಒಬ್ಬಳೇ ಆದ್ರೆ ಮೂರ್ತಿ ಎರಡ್ಯಾಕೆ ಫಾದರ್?"

"ಅದು... ಮಕ್ಕಳಿಗೆ ದೊಡ್ಡದು ಹೊರೋಕಾಗಲ್ಲ ಅಂತ."

"ಹಾಗಾದ್ರೆ ಭಾರ ಬೇರೆ ಬೇರೆ. ಹರಕೆ ಇರೋದು ಭಾರದ್ದು."

ಫಾದರ್ ನನ್ನ ಕಡೆ ನೋಡಿದರು. ನಾನು ಮೇಲೆ ಚಾವಣಿ ನೋಡಿದೆ. "ಎಷ್ಟು ಭಾರ ಹೊರ್ತೀನಿ ಅಂತ ಹೇಳಿದ್ರಾ ಆವತ್ತು?" ಎಂದು ಅವರು ಕೇಳಿದರು.

ಅಮ್ಮ ಯೋಚಿಸಿದಳು. "ಇಲ್ಲ. ಹೊರ್ತೀನಿ ಅಂದೆ. ಮೈ ನೋವಾಗೋ ಹಾಗೆ ಹೊರ್ತೀನಿ ಅಂತ ಮನಸ್ಸಲ್ಲಿತ್ತು."

"ಹಾಗಾದ್ರೆ ಮೈ ನೋವಾಗೋ ಹಾಗೆ ಹೊರಿ. ಚಿಕ್ಕದೋ ದೊಡ್ಡದೋ ಅವಳು ನೋಡ್ಕೋತಾಳೆ. ನನಗೆ ಹಸಿವಾಗ್ತಿದೆ."

ಬುಧವಾರ ಮಧ್ಯಾಹ್ನ ಇಗರ್ಜಿಯ ಹೆಬ್ಬಾಗಿಲಲ್ಲಿ ಎಂಬತ್ತು ದಾಟಿದ ನನ್ನಮ್ಮ ಬಿಳಿ ಲಂಗ, ಬಿಳಿ ಜಾಲರಿ ಹೊದ್ದು ಹತ್ತು ಹನ್ನೊಂದು ವರ್ಷದ ಹುಡುಗಿಯರ ನಡುವೆ ನಿಂತಿದ್ದಳು. ಹಿಂದಿನಿಂದ ನೋಡಿದರೆ ಯಾರು ಮುದುಕಿ ಯಾರು ಮಗು ತಿಳಿಯುವಂತಿರಲಿಲ್ಲ. ಜನ ಮೊಬೈಲು ಎತ್ತಿಕೊಂಡು ಮುಗಿಬಿದ್ದರು. ಒಬ್ಬ ಪ್ರವಾಸಿ ಪಲ್ಲಕ್ಕಿಗೆಂದು ಬೀದಿಯಲ್ಲಿ ಬಿಡಿಸಿದ ಮರದ ಹೊಟ್ಟಿನ ರಂಗೋಲಿಯ ಅಂಚು ತುಳಿದುಕೊಂಡೇ ಬಂದು ಫೋಟೋ ಕೇಳಿದ. "ಮೊದಲು ಕಾಲು ಎತ್ತೋ ಕೋಣ" ಎಂದು ಅಮ್ಮ ನಗುಮುಖದಿಂದಲೇ ಹೇಳಿದಳು. ಭಾಷೆ ಬರದ ಅವನು ಧನ್ಯವಾದ ಹೇಳಿ ಹೋದ.

ಬರಿಗಾಲ ಅಳತೆಗೆ ಸರಿಯಾದ ಹುಡುಗಿಯರ ಸರದಿಗೇ ನಾನು ಅವಳನ್ನು ಸೇರಿಸಿದ್ದೆ. ಎಲ್ಲರ ಹೆಗಲಿಗೂ ತೊಲೆ ಸಮನಾಗಿ ಕೂರಬೇಕು, ಭಾರ ಹಂಚಿಹೋಗಬೇಕು, ಅಮ್ಮನಿಗೆ ನೋವಾಗಬಾರದು ಎಂಬುದು ನನ್ನ ಎಣಿಕೆ. ವಾದ್ಯದವರು ಶೋಕದ ನಡೆ ಹಿಡಿದರು. ಧೂಪ ಎದ್ದಿತು. ಪಲ್ಲಕ್ಕಿ ಮೇಲೆದ್ದಿತು. ಆಗ ನೋಡಿದೆ. ಎಡಗಡೆಯ ತೊಲೆ ಅಮ್ಮನ ಹೆಗಲ ಮೇಲೆ ಮಾತ್ರ ಕೂತಿತ್ತು. ಅವಳ ಹಿಂದೆ ಮುಂದೆ ಇದ್ದ ಹುಡುಗಿಯರ ಹೆಗಲಿಗೂ ತೊಲೆಗೂ ನಡುವೆ ನನ್ನ ಎರಡು ಬೆರಳು ತೂರುವಷ್ಟು ಸಂದು.

ಅವಳ ಲಂಗದ ಅಂಚಿನತ್ತ ಬಗ್ಗಿ ನೋಡಿದೆ. ಟೈರಿನ ದಪ್ಪ ಅಟ್ಟೆ ಬಡಿಸಿದ ಬೂಟು! ಇದು ಅಳೆಯುವ ದಿನಕ್ಕಲ್ಲ, ಹೊರುವ ದಿನಕ್ಕೆ. ಎತ್ತರದವಳ ಹೆಗಲಿಗೇ ಭಾರ ಎಂಬುದು ನನಗಿಂತ ಮೊದಲು ತಿಳಿದವಳು ಅವಳು. ನಾನು ಬೂಟು ಬಿಚ್ಚಿಸಿ ತೆಗೆದ ಬರಿಗಾಲ ಅಳತೆಯನ್ನೇ ಹಿಡಿದು, ಈಗ ತನಗೆ ಬೇಕಾದದ್ದು ಮಾಡಿಕೊಂಡಿದ್ದಳು.

"ಅಮ್ಮಾ, ಹೊರಗೆ ಬಾ. ಬೆನ್ನು ಮುರಿಯತ್ತೆ."

"ದೂರ ಹೋಗು."

"ನಾನು ನಿಲ್ಲಿಸ್ತೀನಿ." ನಾನು ಕೈಯೆತ್ತಿದರೆ ಪಲ್ಲಕ್ಕಿ ನಿಲ್ಲಬೇಕು, ಅದು ಕಟ್ಟಳೆ. ಕೈ ಅರ್ಧ ಎತ್ತಿದ್ದೆ.

"ಎತ್ತು. ಎತ್ತಿ ನೋಡು" ಎಂದಳು. ಅವಳ ಕತ್ತಿನ ನರಗಳು ಉಬ್ಬಿದ್ದವು. ಬೆವರು ಗಲ್ಲಕ್ಕಿಳಿದಿತ್ತು. ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿತ್ತು. ಅದು ಬೆದರಿಕೆಯಲ್ಲ. ಬೇಡುತ್ತಿದ್ದಳು. ನನ್ನಮ್ಮ ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ಅವಳು ಅಲ್ಲೇ ಕುಸಿದರೆ ಎಂದು ಭಯವಾಯಿತು, ಅಷ್ಟೇ ಸಿಟ್ಟೂ ಬಂತು. ಕೈ ಇಳಿಸಿದೆ.

ನಾಲ್ಕು ಹೆಜ್ಜೆ ಹೋಗಿಲ್ಲ, ಅವಳ ಹಿಂದಿದ್ದ ಹೆಯ್ದಿ ಎಂಬ ಹುಡುಗಿ ಅಳುವುದಕ್ಕೆ ಶುರು ಮಾಡಿದಳು. "ಆಂಟೀ, ಈ ಅಜ್ಜಿ ಒಬ್ಬರೇ ಎಲ್ಲಾ ಹೊರ್ತಿದ್ದಾರೆ! ನಮಗೆ ಭಾರ ಬರ್ತಾನೇ ಇಲ್ಲ!"

"ಸುಮ್ನೆ ನಡಿಯೇ. ಪುಣ್ಯಾನೇ ಅಲ್ವಾ" ಎಂದಳು ಅಮ್ಮ, ಹಲ್ಲು ಕಚ್ಚಿಕೊಂಡು.

"ನಂದೂ ಹರಕೆ ಇದೆ! ನನ್ನ ನಾಯಿಗೆ ಹುಷಾರಿಲ್ಲ!"

ವಾದ್ಯ ನುಡಿಯುತ್ತಿತ್ತು, ಪಲ್ಲಕ್ಕಿ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಅಮ್ಮ ಕತ್ತು ತಿರುಗಿಸದೆ ಕೇಳಿದಳು. "ಎಷ್ಟು ದೊಡ್ಡ ನಾಯಿ?"

"ಚಿಕ್ಕದು. ಕಂದು ಬಣ್ಣದ್ದು."

"ಏನಾಗಿದೆ?"

"ಏನೂ ತಿಂತಿಲ್ಲ."

"ಹಾಳಾದ್ದು" ಎಂದು ಗೊಣಗಿ ಅಮ್ಮ ಮೊಣಕಾಲನ್ನು ಒಂದಿಷ್ಟು ಬಗ್ಗಿಸಿದಳು. ತೊಲೆ ಇಳಿದು ಹೆಯ್ದಿಯ ಹೆಗಲಿಗೆ ತಾಗಿತು. "ಅಯ್ಯೋ!" ಎಂದಿತು ಹುಡುಗಿ, ಭಾರಕ್ಕೆ ಹಲ್ಲು ಕಿರಿದು. "ಸಾಕಾ ನಿನ್ನ ನಾಯಿಗೆ?" "ಇನ್ನೂ ಸ್ವಲ್ಪ." "ತಗೋ. ಇದಕ್ಕಿಂತ ಹೆಚ್ಚು ಕೊಡಲ್ಲ, ನಂದು ನಾಯಿ ಅಲ್ಲ, ಕತ್ತೆ. ಜಾಸ್ತಿ ಬೇಕಾಗತ್ತೆ." ಬೀದಿ ಮುಗಿಯುವವರೆಗೂ ಮೊಣಕಾಲು ಬಗ್ಗಿಸಿಕೊಂಡೇ ನಡೆದಳು. ನೆಟ್ಟಗೆ ನಿಂತು ಹೊರುವುದಕ್ಕಿಂತ ಅದು ಎರಡರಷ್ಟು ಕಷ್ಟ.

ಮೂಲೆಯಲ್ಲಿ ಸರದಿ ಬದಲಾಯಿತು. ಅಮ್ಮನನ್ನು ತೊಲೆಯಿಂದ ಬಿಡಿಸಿ ಒಂದು ಮನೆಯ ಜಗಲಿಯ ಮೇಲೆ ಕೂರಿಸಿದೆ. ನೀರು ಕುಡಿಸಿದೆ, ಬಾಯಿಗೆ ಬಂದ ಹಾಗೆ ಬೈದೆ. ಮೋಸಗಾತಿ, ಹಠಮಾರಿ, ಸಾಯೋಕೆ ನಿಂತಿದ್ದೀಯಾ, ಮುದಿ ವಯಸ್ಸಿನಲ್ಲಿ ಮಕ್ಕಳ ಜೊತೆ ಪೈಪೋಟಿಯಾ, ಇನ್ನೂ ಏನೇನೋ. ಅವಳು ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ಕುಪ್ಪಸದ ಕತ್ತು ಸರಿಸಿ ಹೆಗಲು ತೋರಿಸಿದಳು. ಕೆಂಪಗೆ, ಅಂಗೈಯಗಲ ಬಾಸುಂಡೆ ಎದ್ದಿತ್ತು.

"ಇತ್ತು ಕಣೇ" ಎಂದಳು. "ಭಾರ ಇತ್ತು."

"ಕಾಣ್ತಿದೆ."

"ಇನ್ನೊಂದು ವರ್ಷ ನಿನಗೇನೂ ಆಗಲ್ಲ." ಹೀಗೆ ಹೇಳಿ, ತೊಟ್ಟಿಲ ಮಗುವಿಗೆ ಸವರುವ ಹಾಗೆ ನನ್ನ ನರೆತ ತಲೆಯನ್ನು ಸವರಿದಳು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಆ ಟೈರಿನ ಬೂಟಿನ ದಾರ ಬಿಚ್ಚುತ್ತ ಅತ್ತುಬಿಟ್ಟೆ.

ಮೆರವಣಿಗೆ ಮುಂದೆ ಹೋಗಿತ್ತು. ಸರದಿ ಮುಗಿಸಿದ ಹುಡುಗಿಯರು ಐಸ್‌ಕ್ಯಾಂಡಿ ಚೀಪುತ್ತ ನಮ್ಮೆದುರು ಓಡಿಹೋದರು. ಅಮ್ಮ ಅವರ ಬೆನ್ನನ್ನೇ ನೋಡುತ್ತಿದ್ದಳು. ಅಳೆಯುವವರು ನೋಡುವ ಹಾಗೆ ಕಣ್ಣು ಕಿರಿದು ಮಾಡಿ.

"ರೆಮೆ."

"ಏನಮ್ಮಾ?"

"ಇವರೆಲ್ಲಾ ಮುಂದಿನ ವರ್ಷಕ್ಕೆ ಉದ್ದ ಆಗ್ಬಿಡ್ತಾರೆ ಕಣೇ. ನನಗೆ ಇವರಿಗಿಂತ ಚಿಕ್ಕವರನ್ನ ಹುಡುಕಿಡು."

ಕೋಲು ಉಬ್ಬಿದೆ ಎನ್ನಲಿಲ್ಲ ಅವಳು. ನಾನೂ ಯಾವ ವಾದಕ್ಕೂ ಹೋಗಲಿಲ್ಲ.

"ಆಯ್ತಮ್ಮ. ಹುಡುಕ್ತೀನಿ" ಎಂದೆ.